ಐದರಿಂದ ಎಂಟು ವರ್ಷದ ಮಕ್ಕಳಿಗೆ ಕರಾಟೆ: ಯಾವುದನ್ನು ಮೊದಲು ಕಲಿಸಬೇಕು?

ಪ್ರಶ್ನೆ: ಕರಾಟೆ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ಹದಿಹರೆಯದವರಿಗೂ ವಯಸ್ಕರಿಗೂ ಕರಾಟೆ ಕಲಿಸುತ್ತಿರುವ ನನಗೆ ಈಚೆಗೆ ಐದರಿಂದ ಎಂಟು ವರ್ಷದೊಳಗಿನ ಮಕ್ಕಳ ತರಗತಿಯೊಂದರ ಹೊಣೆಯೂ ಬಂದಿದೆ. ಮಕ್ಕಳು ಉತ್ಸಾಹದಿಂದಲೇ ಬರುತ್ತಾರೆ. ಆದರೆ ದೊಡ್ಡವರ ತರಗತಿಯಲ್ಲಿ ಸಹಜವಾಗಿ ನಡೆದುಹೋಗುವ ಕ್ರಮ, ಅಂದರೆ ಸಾಲಾಗಿ ನಿಲ್ಲಿಸಿ, ಎಣಿಕೆ ಹೇಳಿ, ಒಂದೇ ಪಂಚನ್ನು ಮತ್ತೆ ಮತ್ತೆ ಮಾಡಿಸಿ, ಅನಂತರ ಕಾತಾಕ್ಕೆ (ನಿಗದಿತ ಚಲನೆಗಳ ಸರಣಿಗೆ) ಹೋಗುವ ಕ್ರಮ, ಇಲ್ಲಿ ಕೆಲವೇ ನಿಮಿಷಗಳಲ್ಲಿ ಕೈಬಿಟ್ಟುಹೋಗುತ್ತದೆ. ಒಂದು ಮಗು ಬೆಲ್ಟಿನ ತುದಿಯನ್ನು ಬಾಯಿಗೆ ಹಾಕಿಕೊಂಡು ನಿಂತಿರುತ್ತದೆ, ಇನ್ನೊಂದು ಗೋಡೆಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುತ್ತದೆ. ಎಂಟು ವರ್ಷದವರಿಗೆ ಬೇಸರ ಬಂದಿರುತ್ತದೆ, ಐದು ವರ್ಷದವರಿಗೆ ಎಡ ಯಾವುದು ಬಲ ಯಾವುದು ಎಂಬುದೇ ಇನ್ನೂ ಗಟ್ಟಿಯಾಗಿರುವುದಿಲ್ಲ.

ಮಕ್ಕಳನ್ನು ಸುಮ್ಮನೆ ಕೂರಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆಯಲ್ಲ. ಈ ವಯಸ್ಸಿನವರಿಗೆ ಏನನ್ನು ಮೊದಲು ಕಲಿಸಬೇಕು, ಏನನ್ನು ಮುಂದಕ್ಕೆ ಹಾಕಬೇಕು, ಜೋಡಿ ಅಭ್ಯಾಸ ಮತ್ತು ಕುಮಿಟೆಯನ್ನು (ಎದುರಾಳಿಯೊಡನೆ ಹೋರಾಡುವ ಅಭ್ಯಾಸವನ್ನು) ಯಾವ ಹಂತದಲ್ಲಿ ತರಬೇಕು ಎಂಬುದನ್ನು ತಿಳಿಯಬೇಕಾಗಿದೆ. ಇದರ ಜೊತೆಗೆ ಇನ್ನೊಂದು ಚಿಂತೆಯೂ ಇದೆ. ನಮ್ಮಲ್ಲಿ ಕಲಿತ ಒದೆತವನ್ನು ಒಂದು ಮಗು ಶಾಲೆಯಲ್ಲಿ ಸಹಪಾಠಿಯ ಮೇಲೆ ಪ್ರಯೋಗಿಸಿದೆಯೆಂದು ಅದರ ತಾಯಿಯೇ ಬಂದು ಹೇಳಿದರು. ಅದೇ ಹೊತ್ತಿಗೆ ಬೇರೆ ಕೆಲವು ಪೋಷಕರು ಸ್ಪರ್ಧೆ ಯಾವಾಗ, ಮುಂದಿನ ಬೆಲ್ಟ್ ಯಾವಾಗ ಎಂದು ಕೇಳುತ್ತಿದ್ದಾರೆ. ಚಿಕ್ಕ ಮಕ್ಕಳಿಗೆ ಕಲಿಸಿ ಪಳಗಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಜೂಡೊ ಶಿಕ್ಷಕಿ

ಸರ್, ನಿಮ್ಮದು ಕರಾಟೆ, ನನ್ನದು ಜೂಡೊ. ಆದರೂ ಈ ವಯಸ್ಸಿನಲ್ಲಿ ಎರಡರ ಪಾಠವೂ ಬಹುಮಟ್ಟಿಗೆ ಒಂದೇ ಎಂದು ನನ್ನ ಅನಿಸಿಕೆ. ಹೊಡೆಯುವುದನ್ನು ಕಲಿಸುವ ಮೊದಲು ನಿಲ್ಲುವುದನ್ನು, ಬೀಳುವುದನ್ನು ಮತ್ತು ಎದುರಿನವರಿಂದ ತಾನು ಎಷ್ಟು ದೂರದಲ್ಲಿದ್ದೇನೆ ಎಂದು ಅಳೆಯುವುದನ್ನು ಕಲಿಸಬೇಕು. ಈ ಮೂರು ಬಾರದ ಮಗುವಿನ ಕೈಗೆ ತಂತ್ರವನ್ನು ಕೊಟ್ಟರೆ ಅದು ಎಲ್ಲಿ ಯಾರ ಮೇಲೆ ಬೀಳುತ್ತದೆಯೋ ಹೇಳಲಾಗದು.

ನಿಲ್ಲುವುದು ಎಂದರೆ ಓಡುತ್ತಿರುವಾಗ, ತಳ್ಳಾಡುತ್ತಿರುವಾಗ, ನಗುತ್ತಿರುವಾಗ ಶಿಕ್ಷಕರ ಒಂದು ಸದ್ದಿಗೆ ದೇಹವನ್ನು ಇದ್ದಲ್ಲಿಯೇ ತಡೆಯುವುದು. ಇದನ್ನು ಶಿಸ್ತಿನ ಭಾಗವೆಂದು ಪಕ್ಕಕ್ಕೆ ಇಡಬೇಡಿ. ಒಂದು ತಂತ್ರವೆಂದೇ ಭಾವಿಸಿ ಪ್ರತಿ ತರಗತಿಯಲ್ಲೂ ಅಭ್ಯಾಸ ಮಾಡಿಸಿ. ಚಪ್ಪಾಳೆಗೆ ನಿಲ್ಲುವ ಆಟದಿಂದ ಆರಂಭಿಸಿ, ಚಪ್ಪಾಳೆಗೆ ಜಿಗಿತವನ್ನೂ ಒದೆತವನ್ನೂ ಅರ್ಧದಲ್ಲೇ ತಡೆಯುವವರೆಗೆ ಕೊಂಡೊಯ್ಯಬಹುದು. ಮುಂದೆ ಜೋಡಿ ಅಭ್ಯಾಸಕ್ಕೆ ಇಳಿದಾಗ ನಿಮ್ಮ ಕೈಯಲ್ಲಿರುವ ನಿಜವಾದ ರಕ್ಷಣಾ ಸಾಧನ ಇದೊಂದೇ.

ಬೀಳುವುದರ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಚಿಕ್ಕ ಮಗುವಿನ ತಲೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ದೊಡ್ಡದು, ಕತ್ತಿನ ಸ್ನಾಯುಗಳು ಇನ್ನೂ ಎಳೆಯವು. ಹಿಂದಕ್ಕೆ ಬಿದ್ದಾಗ ತಲೆ ತಾನಾಗಿಯೇ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಗದ್ದವನ್ನು ಎದೆಗೆ ಒತ್ತಿ, ಬೆಲ್ಟಿನ ಗಂಟನ್ನು ನೋಡುತ್ತಾ ಬೀಳುವ ಉಕೇಮಿಯನ್ನು ಮಲಗಿದ ಸ್ಥಿತಿಯಿಂದ ಕುಳಿತ ಸ್ಥಿತಿಗೆ, ಅಲ್ಲಿಂದ ಕುಕ್ಕರುಗಾಲಿಗೆ, ಕೊನೆಗೆ ನಿಂತ ಸ್ಥಿತಿಗೆ ನಿಧಾನವಾಗಿ ಏರಿಸಬೇಕು. ಜಪಾನಿನ ಶಾಲೆಗಳಲ್ಲಿ 1983ರಿಂದ ಮುಂದಿನ ಸುಮಾರು ಮೂರು ದಶಕಗಳಲ್ಲಿ ಜೂಡೊ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಅನೇಕರು ಆಗಷ್ಟೇ ಸೇರಿದ್ದವರು, ತಲೆಗೆ ಪೆಟ್ಟಾದವರು. ಅವರು ನಿಮ್ಮ ಮಕ್ಕಳಿಗಿಂತ ದೊಡ್ಡವರು, ಎಸೆತಗಳೂ ಬಲವಾದವು, ಅದು ನಿಜ. ಆದರೆ ಬೀಳಲು ಬಾರದವರನ್ನು ಬೀಳಿಸಬಾರದು ಎಂಬ ಮಾತಿಗೆ ಇದಕ್ಕಿಂತ ಕಠೋರವಾದ ಸಾಕ್ಷಿ ಇಲ್ಲ. ಕರಾಟೆಯಲ್ಲಿ ಎಸೆತಗಳು ಕಡಿಮೆಯಿದ್ದರೂ, ಒಂದು ಕಾಲ ಮೇಲೆ ನಿಂತು ಒದೆಯುವ ಐದು ವರ್ಷದ ಮಗು ಬಿದ್ದೇ ಬೀಳುತ್ತದೆ.

ತರಗತಿಯ ರಚನೆಗೆ ಬಂದರೆ, ಒಂದೇ ಚಟುವಟಿಕೆಯನ್ನು ನಾಲ್ಕೈದು ನಿಮಿಷಗಳಿಗಿಂತ ಹೆಚ್ಚು ಎಳೆಯಬೇಡಿ. ಪಂಚ್ ಬಿಡುವುದಾದರೆ ಒಮ್ಮೆ ಗಾಳಿಗೆ, ಒಮ್ಮೆ ಪ್ಯಾಡಿಗೆ, ಒಮ್ಮೆ ತೂಗುಹಾಕಿದ ಕಾಗದವನ್ನು ಮುಟ್ಟದೆ ಅದರ ಮುಂದೆಯೇ ಮುಷ್ಟಿ ನಿಲ್ಲಿಸುವಂತೆ. ತಂತ್ರ ಒಂದೇ, ಮಗುವಿಗೆ ಮಾತ್ರ ಮೂರು ಬೇರೆ ಬೇರೆ ಕೆಲಸಗಳು. ಕಾಗದದ ಅಭ್ಯಾಸ ದೂರ ಅಳೆಯುವುದನ್ನೂ ಕಲಿಸುತ್ತದೆ. ಸರದಿಯ ಸಾಲುಗಳನ್ನು ಆದಷ್ಟು ತಪ್ಪಿಸಿ: ಹತ್ತು ಮಕ್ಕಳು ಒಂದು ಪ್ಯಾಡಿನ ಮುಂದೆ ನಿಂತರೆ ಒಂಬತ್ತು ಮಕ್ಕಳಿಗೆ ಗಲಾಟೆ ಮಾಡುವುದನ್ನು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಶಿಸ್ತಿಲ್ಲದ ತರಗತಿ ಎಂದು ನಾವು ದೂರುವುದರಲ್ಲಿ ಅರ್ಧ ಈ ಸಾಲಿನಿಂದಲೇ ಹುಟ್ಟುತ್ತದೆ.

ಎಡ–ಬಲದ ತೊಂದರೆಗೆ ವಿವರಣೆ ಕೊಡುತ್ತಾ ಹೋಗಬೇಡಿ. ಆರು–ಏಳು ವರ್ಷದವರೆಗೆ ಅನೇಕ ಮಕ್ಕಳಿಗೆ ಅದು ತಡವರಿಸುವುದು ಸಹಜ. ಮಕ್ಕಳ ಎದುರಿಗೆ ನಿಂತಾಗ ನೀವು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಮಾಡಿ ತೋರಿಸಿ, ಅಥವಾ ಬೆನ್ನು ತಿರುಗಿಸಿ ಅವರಂತೆಯೇ ನಿಂತು ಮಾಡಿ. ಒಂದು ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಿ, ನೆಲದ ಮೇಲೆ ಪಾದದ ಗುರುತು ಅಂಟಿಸಿ. ತಿದ್ದುವಾಗ ಒಮ್ಮೆಗೆ ಒಂದೇ ತಪ್ಪು; ಮೊಣಕೈ, ಹಿಮ್ಮಡಿ, ಸೊಂಟ ಮೂರನ್ನೂ ಒಟ್ಟಿಗೆ ಹೇಳಿದರೆ ಮಗು ಮೂರನ್ನೂ ಬಿಟ್ಟು ನಿಮ್ಮ ಮುಖ ನೋಡುತ್ತದೆ.

ಉತ್ತರ: ಹಿರಿಯ ಕರಾಟೆ ಅಭ್ಯಾಸಿ

ಮೇಡಂ ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೂ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಮಕ್ಕಳನ್ನು ಹಿಡಿದಿಡುವ ಆತುರದಲ್ಲಿ ಎಷ್ಟೋ ಕಡೆ ತರಗತಿ ಪೂರ್ತಿ ಆಟದ ಗಂಟೆಯಾಗಿ, ಕೊನೆಯ ಐದು ನಿಮಿಷ ಮಾತ್ರ ಕರಾಟೆ ಉಳಿದಿರುವುದನ್ನು ನೋಡಿದ್ದೇನೆ. ನಮಸ್ಕರಿಸಿ ಒಳಗೆ ಬರುವುದು, ಜೋಡಿಗಾರನಿಗೆ ಬಾಗಿ ಆರಂಭಿಸಿ ಬಾಗಿ ಮುಗಿಸುವುದು, ಕಣ್ಣು ಮುಚ್ಚಿ ಅರೆಗಳಿಗೆ ಕೂರುವುದು, ಇವೆಲ್ಲ ಮಕ್ಕಳಿಗೆ ಬೇಸರ ತರುತ್ತವೆಂಬುದು ದೊಡ್ಡವರ ಊಹೆ. ನನ್ನ ಅನುಭವದಲ್ಲಿ ಚಿಕ್ಕವರು ಈ ವಿಧಿಗಳನ್ನು ನಮಗಿಂತ ಗಂಭೀರವಾಗಿ ಮಾಡುತ್ತಾರೆ. ಬಾಗುವಾಗ ಪಕ್ಕದವನು ನಕ್ಕರೆ ದೂರು ಹೇಳಲು ಬರುವವರೂ ಅವರೇ.

ಈ ಅಂಶಗಳನ್ನು ಕಿತ್ತುಹಾಕಿದರೆ ಏನಾಗಬಹುದು ಎಂಬುದಕ್ಕೆ 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದೆ. ಅಪರಾಧ ಪ್ರವೃತ್ತಿಯ ಕಡೆಗೆ ವಾಲಿದ್ದ ಹದಿಹರೆಯದವರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಧ್ಯಾನ ಮತ್ತು ನೀತಿಬೋಧೆ ಕೂಡಿದ ಸಾಂಪ್ರದಾಯಿಕ ಟೇಕ್ವಾಂಡೊವನ್ನು (ಕೊರಿಯಾದ ಸಮರಕಲೆಯನ್ನು), ಇನ್ನೊಂದಕ್ಕೆ ಹೋರಾಟದ ತಂತ್ರಗಳನ್ನು ಮಾತ್ರ, ಮೂರನೆಯದಕ್ಕೆ ಬೇರೆ ದೈಹಿಕ ಚಟುವಟಿಕೆಗಳನ್ನು ಕೊಟ್ಟರು. ಆರು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಆಕ್ರಮಣಶೀಲತೆ ತಗ್ಗಿತ್ತು, ಎರಡನೆಯದರಲ್ಲಿ ಏರಿತ್ತು. ಅದು ಸಣ್ಣ ಅಧ್ಯಯನ, ಅವರು ಐದು ವರ್ಷದ ಮಕ್ಕಳೂ ಅಲ್ಲ. ಹೀಗಾಗಿ ಅದರ ಮೇಲೆ ಹೆಚ್ಚು ಭಾರ ಹೇರಬಾರದು. 2004ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆಯೇ ನಡೆದ ಇನ್ನೊಂದು ಅಧ್ಯಯನದ ವರದಿ ಬಂತು. ಅದರಲ್ಲಿ ಮಾಮೂಲಿ ದೈಹಿಕ ಶಿಕ್ಷಣದ ಬದಲು ಕೆಲವು ತಿಂಗಳು ಟೇಕ್ವಾಂಡೊ ಕಲಿತವರಲ್ಲಿ ಆತ್ಮನಿಯಂತ್ರಣ ಹೆಚ್ಚು ಸುಧಾರಿಸಿತ್ತು. ಅಲ್ಲಿಯೂ ಪಾಠದಲ್ಲಿ ತಂತ್ರದ ಜೊತೆಗೆ ‘ನಾನು ಈಗ ಏನು ಮಾಡುತ್ತಿದ್ದೇನೆ’ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸವಿತ್ತು. ಕರಾಟೆ ಕಲಿತರೆ ಶಿಸ್ತು ತಾನಾಗಿಯೇ ಬರುತ್ತದೆ ಎಂದು ಕರಪತ್ರಗಳಲ್ಲಿ ಅಚ್ಚು ಹಾಕಿಸುವವರು ಇದನ್ನು ಗಮನಿಸಬೇಕು. ಅದನ್ನು ಪಾಠದೊಳಗೆ ಬೇಕೆಂದೇ ಇಟ್ಟರೆ ಮಾತ್ರ ಬರುತ್ತದೆ.

ಇನ್ನು ಸಾಲು ಮತ್ತು ಎಣಿಕೆಯ ಪದ್ಧತಿಯನ್ನು ಬಿಟ್ಟರೆ ಸಂಪ್ರದಾಯ ಕೆಟ್ಟುಹೋಗುತ್ತದೆಂದು ನೀವು ಅಂಜುತ್ತಿದ್ದರೆ, ಆ ಅಂಜಿಕೆ ಬೇಡ. 20ನೇ ಶತಮಾನದ ಆರಂಭದಲ್ಲಿ ಕರಾಟೆ ಗುರು ಇತೋಸು ಆಂಕೊ ಅವರು ಕರಾಟೆಯನ್ನು ಜಪಾನಿನ ಓಕಿನಾವಾ ದ್ವೀಪದ ಶಾಲೆಗಳಿಗೆ ತಂದಾಗ, ಹಳೆಯ ಉದ್ದನೆಯ ಕಾತಾಗಳು ವಿದ್ಯಾರ್ಥಿಗಳಿಗೆ ಹೊಂದುವುದಿಲ್ಲವೆಂದೇ ಐದು ಪಿನಾನ್ ಕಾತಾಗಳನ್ನು ರೂಪಿಸಿದರು. ಮುಂದೆ ಅವರ ಶಿಷ್ಯ ಫುನಾಕೋಶಿ ಅವರು ಅವನ್ನೇ ಹೈಯಾನ್ ಎಂದು ಕರೆದರು. ದೊಡ್ಡ ಗುಂಪಿಗೆ ಒಟ್ಟಾಗಿ ಎಣಿಸಿ ಕಲಿಸುವ ರೀತಿ ಬೆಳೆದದ್ದೂ ಶಾಲೆಯ ವ್ಯಾಯಾಮದ ಸುತ್ತಲೇ. ಅದಕ್ಕೆ ಮುಂಚೆ ಗುರುವೊಬ್ಬ ಕೆಲವೇ ಶಿಷ್ಯರಿಗೆ ಕಲಿಸುತ್ತಿದ್ದ. ನಾವು ಸಂಪ್ರದಾಯವೆಂದು ಹಿಡಿದುಕೊಂಡಿರುವುದೇ ಕಲಿಯುವವರ ವಯಸ್ಸಿಗೆ ತಕ್ಕಂತೆ ಮಾಡಿಕೊಂಡ ಒಂದು ಬದಲಾವಣೆ. ಆ ಐದರಲ್ಲಿ ಮೊದಲು ಕಲಿಸುವ ಹೈಯಾನ್ ಶೋದಾನ್ ಕೂಡ ಐದು ವರ್ಷದ ಮಗುವಿಗೆ ಉದ್ದವೇ ಆಯಿತು. ಅದರ ಮೊದಲ ನಾಲ್ಕು ಚಲನೆಗಳನ್ನು ಮಾತ್ರ ಕೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವಷ್ಟಕ್ಕೆ ನಿಲ್ಲಿಸಿದರೆ ಯಾವ ನಷ್ಟವೂ ಇಲ್ಲ.

ಉತ್ತರ: ಮಕ್ಕಳ ಫಿಸಿಯೋಥೆರಪಿಸ್ಟ್

ಶಿಕ್ಷಕರು ಕುಮಿಟೆಯ ಬಗ್ಗೆ ಕೇಳಿದ್ದಾರೆ. ನಾನು ಕಲಿಸುವವಳಲ್ಲ, ಗಾಯಗೊಂಡು ಬಂದ ಮಕ್ಕಳನ್ನು ನೋಡುವವಳು. ಆ ದಿಕ್ಕಿನಿಂದ ಕೆಲವು ಮಾತುಗಳನ್ನು ಹೇಳುತ್ತೇನೆ.

ಮಕ್ಕಳ ಉದ್ದನೆಯ ಮೂಳೆಗಳ ತುದಿಗಳ ಬಳಿ, ಬೆಳವಣಿಗೆ ನಡೆಯುವಲ್ಲಿ, ಮೃದ್ವಸ್ಥಿಯ ಪದರವೊಂದು ಇರುತ್ತದೆ. ಹದಿಹರೆಯದಲ್ಲಿ ಬೆಳವಣಿಗೆ ಮುಗಿಯುವವರೆಗೂ ಅದು ಗಟ್ಟಿಯಾಗುವುದಿಲ್ಲ. ದೊಡ್ಡವರಲ್ಲಿ ಅಸ್ಥಿರಜ್ಜು ಉಳುಕುವಂತಹ ಪೆಟ್ಟು ಬಿದ್ದಾಗ ಮಗುವಿನಲ್ಲಿ ಈ ಪದರಕ್ಕೇ ಹಾನಿಯಾಗಬಹುದು. ಆದ್ದರಿಂದ ಗಟ್ಟಿ ನೆಲದ ಮೇಲೆ ಮುಷ್ಟಿಯೂರಿ ಪುಶ್-ಅಪ್ ಮಾಡಿಸುವುದು, ಗೆಣ್ಣುಗಳನ್ನು ಗಡುಸು ಮಾಡಲು ಮಕಿವಾರಾಕ್ಕೆ (ಹೊಡೆತದ ಅಭ್ಯಾಸದ ಹಲಗೆಗೆ) ಹೊಡೆಸುವುದು, ಕಾಲು ಚಾಚಿ ಕೂತ ಮಗುವಿನ ತೊಡೆಯ ಮೇಲೆ ಒತ್ತಿ ಸ್ಪ್ಲಿಟ್ ಮಾಡಿಸುವುದು, ಕತ್ತಿನ ಮೇಲೆ ಭಾರ ಹಾಕುವ ಬ್ರಿಡ್ಜ್ ಮಾಡಿಸುವುದು ಇವು ಈ ವಯಸ್ಸಿಗೆ ಖಂಡಿತ ಬೇಡ. ಗಾಳಿಗೆ ಒದೆಯುವಾಗ ಮಂಡಿಯನ್ನು ಪೂರ್ತಿ ಚಾಚಿ ಝಾಡಿಸುವ ಅಭ್ಯಾಸವನ್ನೂ ಕಡಿಮೆ ಮಾಡಿ. ಮೆತ್ತನೆಯ ಪ್ಯಾಡಿಗೆ ನಿಧಾನವಾಗಿ ಒದೆಯುವುದು ಮಂಡಿಗೆ ಸುರಕ್ಷಿತ. ಎಂಟು ವರ್ಷ ದಾಟಿದ ಮಗು ಹಿಮ್ಮಡಿ ನೋವೆಂದು ಹೇಳಿದರೆ ಸೋಮಾರಿತನವೆಂದು ತಳ್ಳಿಹಾಕಬೇಡಿ. ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಹೆಚ್ಚು ಜಿಗಿಯುವ ಮಕ್ಕಳಲ್ಲಿ ಹಿಮ್ಮಡಿಯ ಬೆಳವಣಿಗೆಯ ಭಾಗ ಊದಿಕೊಳ್ಳುವುದು ಅಪರೂಪವಲ್ಲ, ವಿಶ್ರಾಂತಿ ಕೊಟ್ಟರೆ ಗುಣವಾಗುತ್ತದೆ.

ತಲೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸಮರಕಲೆಗಳ ಬಗ್ಗೆ ವರದಿಯೊಂದನ್ನು ಪ್ರಕಟಿಸಿತು. ಸಂಪರ್ಕವಿಲ್ಲದ ಅಭ್ಯಾಸವನ್ನು ಅದು ಸ್ವಾಗತಿಸುತ್ತದೆ. ತಲೆಗೆ ಗುರಿಯಿಡುವ ಹೊಡೆತಗಳ ಬಗ್ಗೆ ಎಚ್ಚರಿಸುತ್ತದೆ, ಮೆತ್ತನೆಯ ಹೆಡ್‌ಗಾರ್ಡ್ ಮಿದುಳಿನ ಆಘಾತವನ್ನು ತಡೆಯುತ್ತದೆಂದು ನಂಬಬಾರದು ಎನ್ನುತ್ತದೆ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸೀತು, ಆದರೆ ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಅದನ್ನು ಹಾಕಿದ ಮಕ್ಕಳು ಇನ್ನೂ ಧೈರ್ಯವಾಗಿ ಹೊಡೆಯುವುದುಂಟು. ಆದ್ದರಿಂದ ಎಂಟು ವರ್ಷದವರೆಗೆ ತಲೆಯ ಕಡೆಗೆ ಕೈ–ಕಾಲು ಹೋಗದಂತಹ ಅಭ್ಯಾಸವನ್ನೇ ರೂಪಿಸಿ. ಭುಜ ಮುಟ್ಟಿ ತಪ್ಪಿಸಿಕೊಳ್ಳುವುದು, ಬೆಲ್ಟಿಗೆ ಸಿಕ್ಕಿಸಿದ ಬಟ್ಟೆಯ ತುಂಡನ್ನು ಕಿತ್ತುಕೊಳ್ಳುವುದು ಮುಂತಾದವುಗಳಲ್ಲಿ ಕುಮಿಟೆಯ ಪಾದಚಲನೆಯೂ ಸಮಯಪ್ರಜ್ಞೆಯೂ ಪೂರ್ತಿಯಾಗಿ ಸಿಗುತ್ತವೆ. ಆಕಸ್ಮಿಕವಾಗಿ ತಲೆಗೆ ಪೆಟ್ಟಾಗಿ ಮಗು ಮಂಕಾದರೆ, ವಾಂತಿ ಮಾಡಿದರೆ, ತಲೆನೋವೆಂದರೆ ಅಥವಾ ನಡೆದದ್ದು ನೆನಪಿಲ್ಲವೆಂದರೆ ಆ ದಿನ ಅಭ್ಯಾಸ ಮುಗಿಯಿತು, ಮುಂದಿನದನ್ನು ವೈದ್ಯರೇ ಹೇಳಬೇಕು. ಜೋಡಿ ಮಾಡುವಾಗ ವಯಸ್ಸು ಅಥವಾ ಬೆಲ್ಟಿನ ಬಣ್ಣಕ್ಕಿಂತ ಎತ್ತರ ಮತ್ತು ತೂಕವನ್ನು ಮೊದಲು ನೋಡಿ.

ಪ್ರಶ್ನೆ ಕೇಳಿದವರು: ಕರಾಟೆ ಶಿಕ್ಷಕ

ಇಷ್ಟು ವಿವರವಾಗಿ ಬರೆದುದಕ್ಕೆ ಮೂವರಿಗೂ ವಂದನೆಗಳು. ಬಟ್ಟೆ ಕಿತ್ತುಕೊಳ್ಳುವ ಅಭ್ಯಾಸವನ್ನೂ ಕಾಗದದ ಅಭ್ಯಾಸವನ್ನೂ ಮುಂದಿನ ತರಗತಿಯಿಂದಲೇ ತರುತ್ತೇನೆ. ಶಾಲೆಯಲ್ಲಿ ಒದ್ದ ಮಗುವಿನ ವಿಷಯ, ಪೋಷಕರ ವಿಷಯ ಉಳಿದಿವೆ. ತರಗತಿ ನಡೆಯುವಾಗ ಅಂಚಿನಲ್ಲಿ ಕೂತ ಪೋಷಕರು ತಾವೇ ಸೂಚನೆಗಳನ್ನು ಕೂಗಲಾರಂಭಿಸಿದರೆ ನೀವು ಏನು ಮಾಡುತ್ತೀರಿ?

ಉತ್ತರ: ಒಬ್ಬ ಪೋಷಕ

ಅಂಚಿನಲ್ಲಿ ಕೂರುವವರ ಪೈಕಿ ನಾನೂ ಒಬ್ಬ, ಆದ್ದರಿಂದ ಆ ಕಡೆಯಿಂದ ಬರೆಯುತ್ತಿದ್ದೇನೆ. ಪೋಷಕರು ಬೆಲ್ಟಿನ ಬಗ್ಗೆ ಕೇಳುವುದು ಬಹಳ ಸಲ ಆಸೆಯಿಂದಲ್ಲ, ಮಗು ಏನಾದರೂ ಕಲಿಯುತ್ತಿದೆಯೇ ಎಂದು ತಿಳಿಯಲು ಅವರಿಗೆ ಬೇರೆ ಅಳತೆ ಗೊತ್ತಿಲ್ಲದೆ ಇರುವುದರಿಂದ. ಈ ಎರಡು ತಿಂಗಳು ಬೀಳುವುದನ್ನು ಕಲಿಸುತ್ತೇವೆ, ನಿಮ್ಮ ಮಗು ಗದ್ದ ಒತ್ತಿಕೊಂಡು ಹಿಂದಕ್ಕೆ ಉರುಳಿದರೆ ಅದೇ ಪ್ರಗತಿ ಎಂದು ಶಿಕ್ಷಕರು ಮೊದಲೇ ಹೇಳಿದ್ದರೆ ನಾವು ಅದನ್ನೇ ನೋಡುತ್ತೇವೆ. ಬಣ್ಣದ ಬೆಲ್ಟುಗಳೇ ಹಳೆಯ ಪದ್ಧತಿಯಲ್ಲ. ಅವು ಯುರೋಪಿನ ಜೂಡೊದಲ್ಲಿ 20ನೇ ಶತಮಾನದ ಮೊದಲರ್ಧದಲ್ಲಿ ಬೇರೂರಿದವು. ಟೇಕ್ವಾಂಡೊದಲ್ಲಿ ಕುಕ್ಕಿವಾನ್ ಸಂಸ್ಥೆ 15 ವರ್ಷದೊಳಗಿನವರಿಗೆ ವಯಸ್ಕರ ಡಾನ್ ಎಂಬ ಕಪ್ಪು ಬೆಲ್ಟಿನ ದರ್ಜೆಯ ಬದಲು ಪೂಮ್ ಎಂಬ ಪ್ರತ್ಯೇಕ ದರ್ಜೆಯನ್ನು ಕೊಡುತ್ತದೆ, ಅದರ ಬೆಲ್ಟ್ ಅರ್ಧ ಕೆಂಪು ಅರ್ಧ ಕಪ್ಪು. ಇದು ಪ್ರಾಮಾಣಿಕವಾದ ವ್ಯವಸ್ಥೆಯೆಂದು ನನಗೆ ಅನ್ನಿಸುತ್ತದೆ. ಎಂಟು ವರ್ಷದ ಮಗುವಿಗೆ ಕಪ್ಪು ಬೆಲ್ಟ್ ಕಟ್ಟಿ ನಿನಗೆ ಇನ್ನು ಆತ್ಮರಕ್ಷಣೆ ಗೊತ್ತು ಎಂದು ಹೇಳಿ ಕಳಿಸುವುದು ಅಪಾಯದ ಮಾತು. ದೊಡ್ಡವರು ಅಟ್ಟಿಸಿಕೊಂಡು ಬಂದರೆ ಆ ಮಗು ಓಡಬೇಕು, ಕೂಗಬೇಕು, ನಿಂತು ಹೊಡೆದಾಡಬಾರದು.

ಕೂಗುವ ಪೋಷಕರಿಗೆ ಸೇರುವ ದಿನವೇ ಒಂದು ನಿಯಮ ತಿಳಿಸಿ: ನೋಡಬಹುದು, ಸೂಚನೆ ಕೊಡಬಾರದು. ಆದರೆ ನೋಡುವುದಕ್ಕೇ ಅವಕಾಶವಿಲ್ಲದ ತರಗತಿಗೆ ನಾನು ನನ್ನ ಮಗಳನ್ನು ಕಳಿಸುವುದಿಲ್ಲ. ಒಬ್ಬರೇ ಶಿಕ್ಷಕರು ಬಾಗಿಲು ಮುಚ್ಚಿ ಕಲಿಸುವುದು, ಬಟ್ಟೆ ಬದಲಿಸುವ ಕೋಣೆಗೆ ಮಕ್ಕಳ ಜೊತೆ ಹೋಗುವುದು ಎಷ್ಟೇ ಒಳ್ಳೆಯ ಮನಸ್ಸಿನಿಂದ ನಡೆದರೂ ಸಲ್ಲದು. ಭಂಗಿ ತಿದ್ದಲು ಮೈಮುಟ್ಟಬೇಕಾದರೆ ‘ಕೈ ಹಿಡಿದು ತೋರಿಸಲೇ?’ ಎಂದು ಮಗುವನ್ನೇ ಕೇಳಿ. ಬೇಡವೆಂದರೆ ದೂರದಿಂದ ಮಾಡಿ ತೋರಿಸಿ. ಬೇಡವೆನ್ನಲು ಬರುವ ಮಗು ಆತ್ಮರಕ್ಷಣೆಯ ದೊಡ್ಡ ಪಾಲನ್ನು ಆಗಲೇ ಕಲಿತಿರುತ್ತದೆ.

ಉತ್ತರ: ಜೂಡೊ ಶಿಕ್ಷಕಿ

ಶಾಲೆಯಲ್ಲಿ ಒದ್ದ ಮಗುವಿನ ವಿಷಯ. ಮೊದಲು ಅದು ಯಾವ ರೀತಿಯ ಒದೆತವೆಂದು ಕೇಳಿ ತಿಳಿದುಕೊಳ್ಳಿ. ಕಲಿತದ್ದನ್ನು ಗೆಳೆಯನಿಗೆ ತೋರಿಸಲು ಹೋಗಿ ತಾಗಿಸಿದ ಮಗುವಿಗೆ ಬೇಕಾದದ್ದು ದೂರ ಅಳೆಯುವ ಅಭ್ಯಾಸ. ಸಿಟ್ಟಿನಿಂದ ಒದ್ದದ್ದಾದರೆ ಅಥವಾ ಆ ಮಗುವನ್ನೇ ಯಾರೋ ಕಾಡುತ್ತಿದ್ದರೆ ವಿಷಯ ಬೇರೆ, ಆಗ ತಾಯಿಯ ಮೂಲಕ ಶಾಲೆಯವರೊಡನೆ ಮಾತು ಆಗಬೇಕು. ಎರಡರಲ್ಲೂ ಎಲ್ಲರ ಎದುರು ನಿಲ್ಲಿಸಿ ಬೈಯುವುದು ಬೇಡ. ಶಿಕ್ಷೆಯೆಂದು ಪುಶ್-ಅಪ್ ಅಥವಾ ಓಟ ಕೊಡುವ ಹಳೆಯ ರೂಢಿಯನ್ನೂ ದಯವಿಟ್ಟು ಬಿಡಿ. ವ್ಯಾಯಾಮವನ್ನು ದಂಡನೆ ಮಾಡಿಟ್ಟು ಮರುದಿನ ಅದನ್ನೇ ಖುಷಿಯಿಂದ ಮಾಡು ಎಂದರೆ ಯಾವ ಮಗು ಮಾಡೀತು? ನಾನಾದರೆ ಒಂದೆರಡು ವಾರ ಆ ಮಗುವಿಗೆ ಹೊಸ ಒದೆತ ಕಲಿಸದೆ, ಪ್ಯಾಡ್ ಹಿಡಿಯುವ ಮತ್ತು ‘ನಿಲ್ಲು’ ಎಂದು ಹೇಳುವ ಕೆಲಸ ಕೊಡುತ್ತೇನೆ. ಬೇರೆಯವರ ಹೊಡೆತ ತನ್ನ ಕಡೆಗೆ ಬರುವುದನ್ನು ಕಂಡ ಮಗುವಿಗೆ ತನ್ನ ಹೊಡೆತದ ಬಲವೂ ಅರ್ಥವಾಗತೊಡಗುತ್ತದೆ.

ಸ್ಪರ್ಧೆಯ ಬಗ್ಗೆ ಪೋಷಕರು ಒತ್ತಾಯಿಸಿದರೆ ಜಪಾನಿನ ಉದಾಹರಣೆಯನ್ನೇ ಕೊಡಿ. ಜೂಡೊ ಹುಟ್ಟಿದ ಆ ದೇಶದಲ್ಲಿ ಅಖಿಲ ಜಪಾನ್ ಜೂಡೊ ಒಕ್ಕೂಟವು ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ಪಂದ್ಯಾವಳಿಯನ್ನು 2022ರಲ್ಲಿ ಕೈಬಿಟ್ಟಿತು. ಗೆಲುವೇ ಮುಖ್ಯವಾಗಿ, ಎಳೆಯ ಮಕ್ಕಳು ತೂಕ ಇಳಿಸುವಂತೆ ಮಾಡುವುದು, ತೀರ್ಪುಗಾರರ ಮೇಲೆ ಪೋಷಕರೂ ತರಬೇತುದಾರರೂ ಹರಿಹಾಯುವುದು ಹೆಚ್ಚಾಗಿತ್ತೆಂಬುದೇ ಅದಕ್ಕೆ ಕಾರಣ. ಅಲ್ಲಿ ಆ ವಯಸ್ಸಿನ ಮಕ್ಕಳಿಗೆ ಕುತ್ತಿಗೆ ಒತ್ತುವ ಪಟ್ಟುಗಳೂ ಕೀಲು ತಿರುಚುವ ಪಟ್ಟುಗಳೂ ನಿಷಿದ್ಧ. ನಿಮ್ಮ ತರಗತಿಯೊಳಗೇ ಸಣ್ಣ ಪ್ರದರ್ಶನವೊಂದನ್ನು ಇಟ್ಟು, ಪ್ರತಿ ಮಗುವೂ ತನಗೆ ಚೆನ್ನಾಗಿ ಬರುವ ಒಂದನ್ನು ಮಾಡಿ ತೋರಿಸಲಿ. ಅನೇಕ ಪೋಷಕರಿಗೆ ಬೇಕಾಗಿರುವುದೂ ಅಷ್ಟೇ.

ಕೊನೆಯದಾಗಿ, ಸಾಧ್ಯವಾದರೆ ತರಗತಿಯನ್ನು ಎರಡು ಮಾಡಿ: ಐದು–ಆರು ವರ್ಷದವರಿಗೆ ಅರ್ಧ ಗಂಟೆ, ಏಳು–ಎಂಟರವರಿಗೆ ಮುಕ್ಕಾಲು ಗಂಟೆ. ಅದು ಆಗದಿದ್ದರೆ ಉಕೇಮಿ ಮತ್ತು ನಿಲ್ಲುವ ಅಭ್ಯಾಸವನ್ನು ಒಟ್ಟಿಗೆ ಮಾಡಿಸಿ, ಕಾತಾದ ವೇಳೆಗೆ ಚಿಕ್ಕವರನ್ನು ಸಹಾಯಕರೊಬ್ಬರ ಬಳಿ ಪ್ಯಾಡಿಗೆ ಕಳಿಸಿ. ದೊಡ್ಡ ಮಕ್ಕಳನ್ನು ಚಿಕ್ಕವರ ಮೇಲ್ವಿಚಾರಣೆಗೆ ನಿಲ್ಲಿಸುವ ರೂಢಿ ಕೆಲವು ಕಡೆ ಇದೆ. ಹತ್ತು ನಿಮಿಷಕ್ಕೆ ಪರವಾಗಿಲ್ಲ, ಆದರೆ ಎಂಟು ವರ್ಷದವರೂ ಕಲಿಯಲು ಬಂದವರೇ, ಕಲಿಸಲು ಬಂದವರಲ್ಲ.